ಕನ್ನಡ ಸಾಹಿತ್ಯಪ್ರಕಾರಗಳು ಮತ್ತು ಶ್ರೋತೃವಿನ ಸ್ಥಾನ

‘ಪ್ರಬಂಧ’ವೆಂಬ ಒಂದೇ ಶಬ್ದವು ಕನ್ನಡಿಗರು ನೆಲೆಸಿರುವ ನಗರಗಳಲ್ಲಿ ಒಂದೊಂದೆಡೆ ಒಂದೊಂದು ವಸ್ತುವಿಗೆ ಸಲ್ಲುತ್ತದೆ. ಹೈದರಾಬಾದಿನಲ್ಲಿ ತೆಲುಗು ಸಾಹಿತ್ಯವನ್ನು ಅಭ್ಯಾಸಮಾಡಿದವರಿಗೆ ಅದು ಕೃಷ್ಣದೇವರಾಯನ ಕಾಲದ ‘ಮನುಚರಿತ್ರ’ದಂತಹ ವರ್ಣನಾಪ್ರಧಾನವಾದ ಕಾವ್ಯ; ಚೆನ್ನೈಯ ಶ್ರೀವೈಷ್ಣವರಿಗೆ ಆಳ್ವಾರರು ಹಾಡಿದ ನಾಲ್ಕು ಸಾವಿರ ಪಾಶುರಗಳ ಸಂಕಲನ; ಪುಣೆಯ ವಿದ್ಯಾರ್ಥಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕಾದ ಸಂಶೋಧನಗ್ರಂಥ. ಕನ್ನಡಿಗನಿಗಾದರೋ ಪ್ರಬಂಧವೆಂದರೆ ಶಾಲೆಯಲ್ಲಿ ಉಪಾಧ್ಯಾಯರು ಬರೆಯಿಸಿದ ನಾಲ್ಕು ಪುಟ, ಇಲ್ಲವೆ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’. ದೆಹಲಿಗೆ ಹೋದರೆ ಇನ್ನೊಂದು ತೊಡಕು. ಅಲ್ಲಿ ‘ಉಪನ್ಯಾಸ’ವನ್ನು ಓದುತ್ತಾರೆ, ಕನ್ನಡದಲ್ಲಿ ಅದನ್ನು ಕೇಳುತ್ತಾರೆ, ಕೆಲವೊಮ್ಮೆ ಸಹಿಸಿಕೊಳ್ಳುತ್ತಾರೆ. ಆ ಹಿಂದಿಯ ಉಪನ್ಯಾಸಕ್ಕೆ ಕನ್ನಡವೂ ಮರಾಠಿಯೂ ಇಟ್ಟಿರುವ ಹೆಸರು ‘ಕಾದಂಬರಿ’. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕೃತಿಯ ನಾಯಿಕೆಯ ಹೆಸರು ಹೀಗೆ ಒಂದು ಸಾಹಿತ್ಯಪ್ರಕಾರಕ್ಕೇ ಹೆಸರಾಗಿ ನಿಂತಿದೆ.

ಇದನ್ನು ಕೇವಲ ಶಬ್ದವಿನೋದವೆಂದು ಬದಿಗಿರಿಸುವಂತಿಲ್ಲ. ಸಾಹಿತ್ಯಪ್ರಕಾರಗಳನ್ನು ಪರಿಚಯಿಸುವ ಕೈಪಿಡಿಗಳು ಸಾಮಾನ್ಯವಾಗಿ ಏಳೆಂಟು ಮನೆಗಳನ್ನು ಗೆರೆಯೆಳೆದು ಸಿದ್ಧಪಡಿಸುತ್ತವೆ: ಮಹಾಕಾವ್ಯ, ಖಂಡಕಾವ್ಯ, ಭಾವಗೀತೆ, ನಾಟಕ, ಕಾದಂಬರಿ, ಸಣ್ಣಕಥೆ, ಪ್ರಬಂಧ, ಜೀವನಚರಿತ್ರೆ. ಬಳಿಕ ಸಾವಿರ ವರ್ಷಗಳ ಕನ್ನಡ ಕೃತಿಗಳನ್ನು ಆ ಮನೆಗಳಲ್ಲಿ ತುಂಬುವ ಕಾರ್ಯ ಮೊದಲಾಗುತ್ತದೆ. ‘ವಿಕ್ರಮಾರ್ಜುನವಿಜಯ’ವು ಮಹಾಕಾವ್ಯದ ಮನೆಯಲ್ಲಿ ಹೇಗೋ ಕುಳಿತುಕೊಳ್ಳುತ್ತದೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳು ಸಣ್ಣಕಥೆಯ ಬಾಗಿಲಲ್ಲಿ ನಿಂತು ಒಳಗೆ ಬರಲಾರದೆ ಹಿಂದಿರುಗುತ್ತವೆ. ಹರಿಹರನ ರಗಳೆಗಳಿಗೂ ದಾಸರ ಸುಳಾದಿ ಉಗಾಭೋಗಗಳಿಗೂ ಸ್ಥಳವೇ ಇಲ್ಲ. ವಚನಗಳಿಗಂತೂ ‘ವಚನಸಾಹಿತ್ಯ’ವೆಂಬ ಬೇರೆ ಶಿರೋನಾಮೆಯನ್ನೇ ತೆರೆಯಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಜಮೆಯ ಮೊತ್ತವು ಸರಿಯಾಗಿದ್ದು ಶಿರೋನಾಮೆ ಮಾತ್ರ ತಪ್ಪಿದರೆ ಹಣವೇನೂ ಹೋಗುವುದಿಲ್ಲ, ನಿಜ; ಆದರೆ ಆ ಪುಸ್ತಕವನ್ನು ನಂಬಿ ವ್ಯವಹರಿಸುವವನು ಇಲ್ಲದ ಕಡೆ ಕೊರತೆಯನ್ನೂ ಇಲ್ಲದ ಕಡೆ ಉಳಿತಾಯವನ್ನೂ ಕಾಣುತ್ತಾನೆ. ಕನ್ನಡದ ಅನೇಕ ಉತ್ತಮ ಕೃತಿಗಳಿಗೆ ವಿಮರ್ಶೆಯಲ್ಲಿ ಬಂದಿರುವ ಗತಿಯು ಇಂತಹದೇ.

ಈ ಮನೆಗಳ ವಿಂಗಡಣೆಯು ಎಲ್ಲಿಂದ ಬಂದಿತೆಂಬುದನ್ನು ನೋಡುವುದು ಲೇಸು. ಕಥನ, ಭಾವಗೀತ, ನಾಟಕವೆಂಬ ತ್ರಿವಿಧ ವಿಭಾಗವನ್ನು ಅರಿಸ್ಟಾಟಲನ ಹೆಸರಿನಲ್ಲಿ ಹೇಳುವ ರೂಢಿಯಿದೆ. ಆದರೆ ಅವನ ‘ಕಾವ್ಯಮೀಮಾಂಸೆ’ಯು ಬಹುಮಟ್ಟಿಗೆ ರುದ್ರನಾಟಕವನ್ನೂ ವೀರಕಾವ್ಯವನ್ನೂ ಕುರಿತದ್ದು, ಭಾವಗೀತೆಗೆ ಅಲ್ಲಿ ಹೇಳಿಕೊಳ್ಳುವಂತಹ ಸ್ಥಾನವಿಲ್ಲ. ಈ ತ್ರಿವಿಧ ವಿಭಾಗವು ಒಂದು ವ್ಯವಸ್ಥೆಯಾಗಿ ಯೂರೋಪಿನಲ್ಲಿ ನೆಲೆಗೊಂಡದ್ದು ಬಹು ತಡವಾಗಿ, ಹದಿನೆಂಟನೆಯ ಶತಮಾನದ ಸುಮಾರಿಗೆ. ಅರಿಸ್ಟಾಟಲನು ಹೇಳಿದ ಬೇರೆ ಎರಡು ಮಾತುಗಳಾದರೋ ಕನ್ನಡ ವಿಮರ್ಶಕನಿಗೆ ಹೆಚ್ಚು ಪ್ರಯೋಜನಕರವಾಗಿವೆ. ಸೋಫ್ರೋನನ ಪ್ರಹಸನರೂಪದ ಸಂಭಾಷಣೆಗಳಿಗೂ ಸಾಕ್ರೆಟಿಸನ ಸಂವಾದಗಳಿಗೂ ಸಮಾನವಾಗಿ ಸಲ್ಲುವ ಹೆಸರೇ ಗ್ರೀಕ್ ಭಾಷೆಯಲ್ಲಿ ಇಲ್ಲವೆಂಬುದು ಒಂದು. ಎರಡನೆಯದು, ಜನರು ಕವಿಗಳನ್ನು ಛಂದಸ್ಸಿನ ಹೆಸರಿನಿಂದ ಕರೆಯುವುದು ಸರಿಯಲ್ಲವೆಂಬುದು. ಹೋಮರನಿಗೂ ಎಂಪೆಡೋಕ್ಲೀಸನಿಗೂ ಛಂದಸ್ಸೊಂದನ್ನು ಬಿಟ್ಟರೆ ಸಮಾನವಾದುದು ಏನೂ ಇಲ್ಲವೆಂದು ಅವನ ವಾದ.

ಈ ಎರಡನೆಯ ಮಾತನ್ನು ಒಪ್ಪಿದರೆ ಕನ್ನಡದ ಹಳೆಯ ಹೆಸರುಗಳೆಲ್ಲವೂ ಅಪರಾಧಿಗಳಾಗಿ ನಿಲ್ಲಬೇಕಾಗುತ್ತದೆ. ರಗಳೆ, ಷಟ್ಪದಿ, ಸಾಂಗತ್ಯ, ತ್ರಿಪದಿ—ಇವೆಲ್ಲ ಛಂದಸ್ಸಿನ ಹೆಸರುಗಳೇ. ಕನ್ನಡಿಗರು ವಸ್ತುವನ್ನು ಬಿಟ್ಟು ಹೊರಗಿನ ತೊಡಿಗೆಯನ್ನು ನೋಡಿ ಹೆಸರಿಟ್ಟರೆ? ಹಾಗೆಂದು ತೀರ್ಮಾನಿಸುವ ಮೊದಲು ಆ ಛಂದಸ್ಸುಗಳು ಯಾವ ಸಂದರ್ಭದಲ್ಲಿ ಯಾರಿಂದ ಯಾರಿಗೆ ಸಲ್ಲುತ್ತಿದ್ದುವೆಂಬುದನ್ನು ವಿಚಾರಿಸಬೇಕು. ವಿಚಾರಿಸಿದಾಗ ಅವು ಕೇವಲ ಮಾತ್ರೆಗಣಗಳ ಲೆಕ್ಕವಲ್ಲವೆಂಬುದೂ ಕವಿಗೂ ಶ್ರೋತೃವಿಗೂ ನಡೆದ ಒಂದು ಒಡಂಬಡಿಕೆಯ ಹೆಸರುಗಳೆಂಬುದೂ ವ್ಯಕ್ತವಾಗುತ್ತದೆ.

ಸಂಸ್ಕೃತ ಲಾಕ್ಷಣಿಕರು ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಒಡೆದರು. ನಾಟಕವು ಕಣ್ಣಿಗೆ, ಉಳಿದೆಲ್ಲವೂ ಕಿವಿಗೆ. ಒಬ್ಬನೇ ಕುಳಿತು ತುಟಿಯಲುಗಿಸದೆ ಓದುವವನಿಗಾಗಿ ಈ ವಿಭಾಗದಲ್ಲಿ ಪ್ರತ್ಯೇಕವಾದ ಮನೆಯಿಲ್ಲವೆಂಬುದು ಗಮನಾರ್ಹ. ದಂಡಿಯು ಗದ್ಯ, ಪದ್ಯ, ಮಿಶ್ರವೆಂಬ ಇನ್ನೊಂದು ವಿಭಾಗವನ್ನು ಹೇಳಿ, ಕಥೆ ಆಖ್ಯಾಯಿಕೆಗಳ ಭೇದಕ್ಕೆ ಬಂದಾಗ ನಿಷ್ಠುರನಾದನು. ನಾಯಕನೇ ತನ್ನ ಕಥೆಯನ್ನು ಹೇಳಿದರೆ ಆಖ್ಯಾಯಿಕೆ, ಇನ್ನೊಬ್ಬನು ಹೇಳಿದರೆ ಕಥೆ ಎಂಬಂತಹ ಭೇದಗಳು ನಿಲ್ಲುವುದಿಲ್ಲವೆಂದೂ ಎರಡೂ ಒಂದೇ ಜಾತಿಯ ಎರಡು ಹೆಸರುಗಳೆಂದೂ ಅವನು ತಳ್ಳಿಹಾಕಿದನು. ಹೆಸರುಗಳ ಹಿಂದೆ ನಿಜವಾದ ಭೇದವಿದೆಯೇ ಎಂದು ಕೇಳುವ ಈ ಧೈರ್ಯವು ದಂಡಿಯನ್ನು ಬಹಳವಾಗಿ ಅನುಸರಿಸಿದ ‘ಕವಿರಾಜಮಾರ್ಗ’ಕಾರನಲ್ಲಿಯೂ ಉಂಟು. ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಆ ಗ್ರಂಥವು ಚತ್ತಾಣ, ಬೆದಂಡೆಗಳೆಂಬ ಎರಡು ಕನ್ನಡ ಕಾವ್ಯರೂಪಗಳನ್ನು ಹೆಸರಿಸುತ್ತದೆ. ಸಂಸ್ಕೃತದ ಪಟ್ಟಿಯಲ್ಲಿಲ್ಲದ ಈ ದೇಸಿಯ ರೂಪಗಳಿಗೆ ಲಕ್ಷಣವನ್ನು ಹೇಳಬೇಕೆಂದು ಅವನಿಗೆ ತೋರಿದುದೇ ದೊಡ್ಡ ಸಂಗತಿ. ಅವುಗಳ ಮಾದರಿಗಳು ಇಂದು ದೊರೆತಿಲ್ಲ. ಮುಂದೆ ಎರಡನೆಯ ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಮೆಲ್ವಾಡು, ಪಾಡುಗಬ್ಬ, ಬಾಜನೆಗಬ್ಬಗಳೆಂಬ ಹೆಸರುಗಳು ಬರುತ್ತವೆ. ಈ ಶಬ್ದಗಳನ್ನು ಒಮ್ಮೆ ಉಚ್ಚರಿಸಿದರೆ ಸಾಕು. ಪಾಡುವುದೂ ಬಾಜಿಸುವುದೂ ಹೆಸರಿನೊಳಗೇ ಕುಳಿತಿವೆ. ಕಾವ್ಯವು ಯಾವ ವಸ್ತುವನ್ನು ಕುರಿತದ್ದೆಂಬುದನ್ನು ಈ ಹೆಸರುಗಳು ತಿಳಿಸುವುದಿಲ್ಲ. ಅದು ಹೇಗೆ ಕಿವಿಗೆ ಮುಟ್ಟುತ್ತದೆಂಬುದನ್ನು ತಿಳಿಸುತ್ತವೆ.

ಚಂಪುವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಖ್ಯಾತಕರ್ಣಾಟಕಗಳೆಂದು ಹೆಸರಾದ ಆರು ವೃತ್ತಗಳು, ಕಂದ, ನಡುನಡುವೆ ಗದ್ಯ: ಇಷ್ಟು ಅದರ ಸಾಮಗ್ರಿ. ಪಂಪನು ತನ್ನ ಭಾರತವನ್ನು ಒಬ್ಬ ಅರಸನ ಮುಂದೆ ಇಡುತ್ತಾನೆ. ಆ ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸುತ್ತಾನೆ. ಕಥಾನಾಯಕನೂ ಪ್ರಧಾನ ಶ್ರೋತೃವೂ ಒಬ್ಬನೇ ಆದ ಕಾವ್ಯವದು. ಸುತ್ತ ಕುಳಿತ ಪಂಡಿತರು ಒಂದು ವೃತ್ತವನ್ನು ಕೇಳಿ ತಲೆದೂಗಿ, ಇನ್ನೊಮ್ಮೆ ಹೇಳಿಸಿ, ಗದ್ಯದಲ್ಲಿ ಕಥೆಯು ಮುಂದೆ ಸಾಗುವುದನ್ನು ನಿರೀಕ್ಷಿಸುವ ಸಭೆಯನ್ನು ಊಹಿಸಿಕೊಂಡರೆ ಚಂಪುವಿನ ನಿಲ್ಲುವ ನಡೆಯುವ ಗತಿಯು ಅರ್ಥವಾಗುತ್ತದೆ. ಕಥನವು ಕುಂಟುತ್ತದೆಂದು ಆಕ್ಷೇಪಿಸುವವರು ಕಾದಂಬರಿಯ ವೇಗವನ್ನು ಆಸ್ಥಾನದಲ್ಲಿ ಹುಡುಕುತ್ತಾರೆ. ರನ್ನನ ‘ಗದಾಯುದ್ಧ’ದ ಉದಾಹರಣೆಯು ಇನ್ನೂ ಸ್ವಾರಸ್ಯವಾದುದು. ಬಿ. ಎಂ. ಶ್ರೀಕಂಠಯ್ಯನವರು ಆ ಚಂಪುವಿನ ಪದ್ಯಗಳನ್ನೇ ಆರಿಸಿ ಜೋಡಿಸಿ ‘ಗದಾಯುದ್ಧ ನಾಟಕ’ವನ್ನು ಸಿದ್ಧಪಡಿಸಿದರು. ರನ್ನನಲ್ಲಿ ನಾಟಕಶಕ್ತಿಯಿತ್ತೆಂಬುದಕ್ಕೆ ಇದನ್ನು ಪ್ರಮಾಣವಾಗಿ ಹೇಳುವುದುಂಟು. ನಾಟಕಶಕ್ತಿಯೇನೋ ನಿಜವೇ. ಆದರೆ ಇದರಿಂದ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ: ಸಭೆಯಲ್ಲಿ ಗಟ್ಟಿಯಾಗಿ ಹೇಳುವುದಕ್ಕೆಂದೇ ಹುಟ್ಟಿದ ಪದ್ಯವು ಪಾತ್ರದ ಬಾಯಿಗೆ ಸುಲಭವಾಗಿ ಬರುತ್ತದೆ. ದುರ್ಯೋಧನನ ಮಾತು ಮೊದಲೇ ವಾಚಕನ ಕಂಠದಲ್ಲಿದ್ದಿತು. ಶ್ರೀಯವರು ಆ ಕಂಠಕ್ಕೆ ವೇಷವನ್ನು ತೊಡಿಸಿದರು. ಇಪ್ಪತ್ತನೆಯ ಶತಮಾನದ ಯಾವುದಾದರೂ ಮಹಾಕಾದಂಬರಿಯನ್ನು ಹೀಗೆ, ಒಂದು ಶಬ್ದವನ್ನೂ ಹೊಸದಾಗಿ ಬರೆಯದೆ, ರಂಗಕ್ಕೆ ತರುವುದು ಸುಲಭವಲ್ಲ.

ಆಸ್ಥಾನವನ್ನು ಬಿಟ್ಟು ಜನರ ನಡುವೆ ಬಂದ ಕಾವ್ಯಕ್ಕೆ ಬೇರೆ ವಾಹನ ಬೇಕಾಯಿತು. ಹರಿಹರನು ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ಬರೆದು ತನಗೆ ಆ ವಿದ್ಯೆಯೂ ಬರುತ್ತದೆಂದು ತೋರಿಸಿ, ಶರಣರ ಚರಿತ್ರೆಗಳಿಗೆ ರಗಳೆಯನ್ನು ಹಿಡಿದನು. ಅವನ ಸೋದರಳಿಯ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ಕ್ಕೆ ವಾರ್ಧಕ ಷಟ್ಪದಿಯನ್ನು ಆರಿಸಿದನು. ಅಲ್ಲಿಂದ ಮುಂದೆ ಷಟ್ಪದಿಯು ಕನ್ನಡ ಕಥನದ ರಾಜಮಾರ್ಗವಾಯಿತು. ಕುಮಾರವ್ಯಾಸನ ಭಾಮಿನಿಯ ಕಟ್ಟಡವನ್ನು ಒಮ್ಮೆ ಬಿಡಿಸಿ ನೋಡಬೇಕು: ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು ೧೪ ಮಾತ್ರೆಗಳ ಎರಡು ಸಾಲುಗಳು, ಬಳಿಕ ೨೩ ಮಾತ್ರೆಗಳ ಒಂದು ನೀಳವಾದ ಸಾಲು, ಅದರ ಕೊನೆಗೆ ಒಂದು ಗುರು, ಮತ್ತೆ ಇದೇ ಆವೃತ್ತಿ. ಪದ್ಯದ ನಡುವಿನಲ್ಲಿಯೂ ತುದಿಯಲ್ಲಿಯೂ ಎರಡು ಕಡೆ ಧ್ವನಿಯು ನಿಲ್ಲಲು ತಾಣವಿದೆ. ಗಮಕಿಯು ವಾಚನಮಾಡಿ, ಪಕ್ಕದಲ್ಲಿ ಕುಳಿತವನು ವ್ಯಾಖ್ಯಾನಮಾಡುವ ಪದ್ಧತಿಗೆ ಈ ನಿಲುಗಡೆಗಳು ಹೇಳಿಮಾಡಿಸಿದಂತಿವೆ. ಇದಲ್ಲದೆ ಕುಮಾರವ್ಯಾಸನು ತನ್ನ ಕಾವ್ಯದಲ್ಲಿ ಅರಸರಿಗೆ ಏನು ದೊರೆಯುತ್ತದೆ, ದ್ವಿಜರಿಗೆ ಏನು, ಯೋಗಿಗಳಿಗೆ ಏನು, ಮಂತ್ರಿಗಳಿಗೆ ಏನು, ವಿರಹಿಗಳಿಗೆ ಏನು, ವಿದ್ವಾಂಸರಿಗೆ ಏನು ಎಂದು ಪಾಲುಹಂಚುತ್ತಾನೆ. ಪಂಪನ ಎದುರಿಗೆ ಒಬ್ಬ ಅರಿಕೇಸರಿ. ಗದುಗಿನ ಕವಿಯ ಎದುರಿಗೆ ಗುಡಿಯ ಹಜಾರದಲ್ಲಿ ನೆರೆದ ಮಿಶ್ರಸಭೆ. ಒಂದೇ ಭಾರತವು ಎರಡು ಪ್ರಕಾರಗಳಾದುದಕ್ಕೆ ಈ ಭೇದವನ್ನೇ ಮುಖ್ಯಕಾರಣವೆನ್ನಬೇಕು. ಎರಡನ್ನೂ ‘ಮಹಾಕಾವ್ಯ’ವೆಂದು ಕರೆದ ಕ್ಷಣದಲ್ಲಿ ಅದು ಮರೆಯಾಗುತ್ತದೆ.

ಸಾಂಗತ್ಯಕ್ಕೆ ಆಗಿರುವ ಅನ್ಯಾಯವು ಇದಕ್ಕಿಂತ ದೊಡ್ಡದು. ಒಂದನೆಯ, ಮೂರನೆಯ ಸಾಲುಗಳಿಗೆ ನಾಲ್ಕು ನಾಲ್ಕು ವಿಷ್ಣುಗಣಗಳು. ಎರಡನೆಯ, ನಾಲ್ಕನೆಯ ಸಾಲುಗಳಿಗೆ ಎರಡು ವಿಷ್ಣುಗಣಗಳು, ಒಂದು ಬ್ರಹ್ಮಗಣ. ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುವ ತ್ರಿಪದಿಯಲ್ಲಿ ಎರಡನೆಯ ಸಾಲನ್ನು ಮರಳಿಸಿ ಹಾಡುವ ರೂಢಿಯಿಂದಲೇ ಈ ನಾಲ್ಕು ಸಾಲಿನ ರೂಪವು ಬೆಳೆದಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ವಾದ್ಯಕ್ಕೆ ಸಂಗತವಾದುದರಿಂದ ಸಾಂಗತ್ಯವೆಂಬ ವ್ಯುತ್ಪತ್ತಿಯೂ ಉಂಟು. ಗಣಗಳ ಮಾತ್ರೆಯು ಹಿಗ್ಗುವುದೂ ಕುಗ್ಗುವುದೂ ಹಾಡುವವನ ಧಾಟಿಯನ್ನು ಅವಲಂಬಿಸಿರುವುದರಿಂದ ಕಣ್ಣಿನಿಂದ ಓದಿದರೆ ಇದು ಸಡಿಲವಾಗಿ, ಒಮ್ಮೊಮ್ಮೆ ಬರಿಯ ಗದ್ಯದಂತೆಯೇ ಕಾಣುತ್ತದೆ. ಮೂಡಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ರಚಿಸಿದ ‘ಭರತೇಶವೈಭವ’ವನ್ನು ದೀರ್ಘವೆಂದೂ ಪುನರುಕ್ತಿಪೂರ್ಣವೆಂದೂ ಆಕ್ಷೇಪಿಸಿದವರುಂಟು. ಭರತನು ಊಟಮಾಡುವುದು, ರಾಣಿಯರೊಡನೆ ಸರಸವಾಡುವುದು, ಸಂಗೀತ ಕೇಳುವುದು, ಆತ್ಮಧ್ಯಾನದಲ್ಲಿ ತೊಡಗುವುದು—ಇವನ್ನೆಲ್ಲ ಕವಿಯು ಅವಸರವಿಲ್ಲದೆ ಹೇಳುತ್ತಾನೆ. ಪುಟ ತಿರುವುವವನಿಗೆ ಇದು ದೀರ್ಘ. ಸಂಜೆ ಸಂಜೆ ಕುಳಿತು ಹಾಡಿ ಕೇಳುವವರಿಗೆ ಇದು ಭರತನ ಅರಮನೆಯಲ್ಲಿಯೇ ವಾಸಮಾಡಿದಂತೆ. ಭೋಗಯೋಗಗಳೆರಡೂ ಒಂದೇ ಬಾಳಿನಲ್ಲಿ ಕೂಡುತ್ತವೆಂಬ ತತ್ತ್ವವನ್ನು ವಾದದಿಂದ ಒಪ್ಪಿಸುವುದಕ್ಕಿಂತ ಹೀಗೆ ವಾಸಮಾಡಿಸಿ ಒಪ್ಪಿಸುವುದು ರತ್ನಾಕರನ ಉಪಾಯ. ಆದುದರಿಂದ ಆ ಧಾರಾಳವನ್ನು ದೋಷವೆನ್ನುವುದಕ್ಕಿಂತ ಅರ್ಥದ ಒಂದು ಭಾಗವೆನ್ನುವುದೇ ಯುಕ್ತ.

ರತ್ನಾಕರನು ಕಾವ್ಯದ ಮೊದಲಲ್ಲಿಯೇ ತನ್ನ ಶ್ರೋತೃಗಳನ್ನು ಕರೆದು ಕೂರಿಸುವ ರೀತಿಯನ್ನಂತೂ ಹೊರನಾಡಿನ ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಕನ್ನಡಿಗರು, ತೆಲುಗರು, ತುಳುವರು ಮೂವರೂ ತಮ್ಮ ತಮ್ಮ ನುಡಿಯಲ್ಲಿ ಮೆಚ್ಚಿ ಉದ್ಗಾರ ತೆಗೆಯುತ್ತ ಮೈಯುಬ್ಬಿ ಕೇಳಬೇಕೆಂದು ಅವನ ಆಸೆ. ಕಾವ್ಯವು ಕನ್ನಡದ್ದು, ತಲೆದೂಗು ಮೂರು ಭಾಷೆಗಳದ್ದು. ಕರಾವಳಿಯ ಸಂತೆಯಲ್ಲಿಯೂ ಬಸದಿಯ ಜಗಲಿಯಲ್ಲಿಯೂ ಹಲವು ಭಾಷೆಗಳ ಕಿವಿಗಳು ಒಂದೇ ಹಾಡಿಗೆ ತೆರೆದಿರುತ್ತಿದ್ದುವೆಂಬುದನ್ನು ಬಲ್ಲ ಕವಿಯೇ ಹಾಗೆ ಆಶಿಸಬಲ್ಲನು.

ಒಬ್ಬನೇ ಕವಿಯು ಬೇರೆ ಬೇರೆ ಪ್ರಕಾರಗಳನ್ನು ಆರಿಸಿಕೊಂಡಾಗ ಈ ಒಡಂಬಡಿಕೆಯು ಇನ್ನೂ ಸ್ಪಷ್ಟವಾಗುತ್ತದೆ. ಕನಕದಾಸರು ‘ಮೋಹನತರಂಗಿಣಿ’ಗೆ ಸಾಂಗತ್ಯವನ್ನೂ ‘ನಳಚರಿತ್ರೆ’, ‘ರಾಮಧಾನ್ಯಚರಿತ್ರೆ’ಗಳಿಗೆ ಭಾಮಿನಿ ಷಟ್ಪದಿಯನ್ನೂ ಆರಿಸಿದರು, ಇವಲ್ಲದೆ ಕೀರ್ತನೆಗಳನ್ನು ಹಾಡಿದರು. ‘ರಾಮಧಾನ್ಯಚರಿತ್ರೆ’ಯಲ್ಲಿ ರಾಗಿಯೂ ಅಕ್ಕಿಯೂ ಸಭೆಯಲ್ಲಿ ಜಗಳವಾಡುತ್ತವೆ. ಮೇಲುಕೀಳಿನ ಆ ವಾದವನ್ನು ಕೀರ್ತನೆಯ ಪಲ್ಲವಿಗೆ ಕಟ್ಟಿದ್ದರೆ ಅದು ಉಪದೇಶವಾಗಿ ಮುಗಿಯುತ್ತಿತ್ತು. ಷಟ್ಪದಿಯಲ್ಲಿ ಅದು ವ್ಯಾಜ್ಯವಾಗಿ ಬೆಳೆಯಿತು, ನೆರೆದ ಕೇಳುಗರು ಪಂಚಾಯಿತರಾದರು.

ವಚನದ ಪ್ರಶ್ನೆಯು ಇವೆಲ್ಲಕ್ಕಿಂತ ಕಠಿನವಾದುದು. ಅದು ಗದ್ಯವೋ ಪದ್ಯವೋ ಎಂಬ ವಿವಾದವು ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ಆ ವಾಙ್ಮಯವನ್ನು ವಿದ್ಯಾವಂತರ ಮುಂದಿರಿಸಿದಂದಿನಿಂದ ನಡೆದುಬಂದಿದೆ. ಮುಕ್ತಛಂದದ ಪರಿಚಯವಾದ ಮೇಲೆ ವಚನವು ಭಾವಗೀತೆಯ ಪೂರ್ವಜನಾಯಿತು. ಸಾಲು ಮುರಿದು ಮುದ್ರಿಸುವ ವಾಡಿಕೆಯು ಬಂದಿತು. ಓಲೆಗರಿಯಲ್ಲಿ ಸಾಲು ಮುರಿಯುವ ಪದ್ಧತಿಯೇ ಇಲ್ಲ. ಗದ್ಯವೂ ಪದ್ಯವೂ ಒಂದೇ ಸಮನೆ ಗರಿಯ ಅಂಚಿನವರೆಗೆ ಸಾಗುತ್ತವೆ. ಇಂದಿನ ಪುಸ್ತಕದಲ್ಲಿ ವಚನಕ್ಕಿರುವ ಕವಿತೆಯ ಆಕಾರವು ಸಂಪಾದಕರ ಕೈಕೆಲಸ. ಬಸವಣ್ಣನವರೇ ತಮಗೆ ತಾಳಮಾನಗಳೂ ಛಂದಸ್ಸಿನ ಗಣಗಳೂ ತಿಳಿಯವೆಂದು ಹೇಳಿದ ಪ್ರಸಿದ್ಧ ವಚನವೊಂದಿದೆ. ಪದ್ಯವಲ್ಲವೆನ್ನುವವರಿಗೆ ಅದು ಆಧಾರವಾಗುವಷ್ಟರಲ್ಲಿಯೇ, ಅದೇ ವಚನದಲ್ಲಿ ಅವರು ತಾವು ಒಲಿದಂತೆ ಹಾಡುವೆನೆಂಬ ಅರ್ಥದ ಮಾತನ್ನು ಆಡಿ ವಿವಾದವನ್ನು ಮತ್ತೆ ಮೊದಲಿಗೆ ತರುತ್ತಾರೆ. ಶರಣರಿಗೆ ಹಾಡಿನ ರೂಪವು ಬೇಕಾಗಿದ್ದಾಗ ಸ್ವರವಚನಗಳೆಂಬ ಬೇರೆ ರಚನೆಗಳಿದ್ದುವು. ಆದುದರಿಂದ ವಚನವೆಂದು ಬೇರೆಯಾಗಿ ಉಳಿದುದು ಹಾಡಿನಿಂದ ಭಿನ್ನವಾದ ಬೇರೊಂದು ಪ್ರಯೋಜನಕ್ಕೆ ಸಲ್ಲುತ್ತಿದ್ದಿತೆಂದೇ ಭಾವಿಸಬೇಕು.

ಆ ಪ್ರಯೋಜನವೇನೆಂಬುದಕ್ಕೆ ಹೆಸರೇ ಸಾಕ್ಷಿ. ‘ವಚನ’ವೆಂದರೆ ಆಡಿದ ಮಾತು; ಕೊಟ್ಟ ಮಾತೂ ಹೌದು. ಆಡಿದ ಮಾತಿಗೆ ಎದುರಿಗೊಬ್ಬನಿರಬೇಕು. ವಚನದಲ್ಲಿ ಎದುರಿಗಿರುವವರು ಇಬ್ಬರು: ಅಂಕಿತದಲ್ಲಿ ಹೆಸರಿಸಲ್ಪಡುವ ದೈವವೊಂದು, ಸುತ್ತ ಕುಳಿತು ಕೇಳುವ ಶರಣರ ಗಣವೊಂದು. ಕೂಡಲಸಂಗಮದೇವನಿಗೆ ಹೇಳಿದ ಮಾತನ್ನು ನೆರೆದವರು ಕೇಳುತ್ತಾರೆ, ಕೇಳಬೇಕೆಂದೇ ಅದನ್ನು ಹೇಳಿದೆ. ಹೇಳಿದವನು ನಾಳೆ ಆ ಮಾತಿನಂತೆ ನಡೆಯದಿದ್ದರೆ ಕೇಳಿದವರೇ ಪ್ರಶ್ನಿಸುತ್ತಾರೆ. ದೇವರ ಮುಂದೆ ಮಾಡಿದ ನಿವೇದನೆಯೂ ನೆರೆಯವರ ಮುಂದೆ ಬರೆದುಕೊಟ್ಟ ಮುಚ್ಚಳಿಕೆಯೂ ಒಂದೇ ಉಸಿರಿನಲ್ಲಿ ಕೂಡಿದ ಈ ರೂಪಕ್ಕೆ ಭಾವಗೀತೆಯೆಂಬ ಹೆಸರು ಅರ್ಧವನ್ನು ಮಾತ್ರ ಹೇಳುತ್ತದೆ. ಭಾವಗೀತೆಯು ಒಬ್ಬನ ಅಂತರಂಗದ ಮಾತು, ಓದುಗನು ಅದನ್ನು ಮರೆಯಲ್ಲಿ ನಿಂತು ಕೇಳುತ್ತಾನೆಂಬುದು ಪಾಶ್ಚಾತ್ಯ ವಿಮರ್ಶೆಯ ಕಲ್ಪನೆ. ವಚನದ ಕೇಳುಗನಿಗೆ ಮರೆಯೇ ಇಲ್ಲ. ಅವನೂ ಮಾತಿಗೆ ಸಿಕ್ಕಿಕೊಂಡವನೇ.

ಇದಕ್ಕೆ ಕನ್ನಡದಲ್ಲಿಯೇ ಒಂದು ಬಲವಾದ ಸಾಕ್ಷ್ಯವಿದೆ, ವಿಮರ್ಶಕರು ಅದನ್ನು ಸಾಕಷ್ಟು ಬಳಸಿಕೊಂಡಂತಿಲ್ಲ. ಹನ್ನೆರಡನೆಯ ಶತಮಾನದ ಸಭೆಯು ಚದುರಿಹೋಗಿ ಸುಮಾರು ಮುನ್ನೂರು ವರ್ಷಗಳಾದ ಮೇಲೆ ಶಿವಗಣಪ್ರಸಾದಿ ಮಹದೇವಯ್ಯನು ವಚನಗಳನ್ನು ಕಲೆಹಾಕಿ ‘ಶೂನ್ಯಸಂಪಾದನೆ’ಯನ್ನು ರಚಿಸಿದನು, ಅವನ ಬಳಿಕ ಇನ್ನೂ ಮೂವರು ಅದನ್ನು ಪರಿಷ್ಕರಿಸಿದರು. ಅವರು ವಚನಗಳನ್ನು ವಿಷಯಾನುಸಾರವಾಗಿಯೋ ಕರ್ತೃಗಳ ಅನುಕ್ರಮದಲ್ಲಿಯೋ ಜೋಡಿಸಿ ತೃಪ್ತರಾಗಬಹುದಿತ್ತು. ಹಾಗೆ ಮಾಡದೆ ಒಂದು ವಚನವನ್ನು ಪ್ರಶ್ನೆಯಾಗಿಯೂ ಇನ್ನೊಂದನ್ನು ಉತ್ತರವಾಗಿಯೂ ನಿಲ್ಲಿಸಿ, ಅಲ್ಲಮಪ್ರಭುವಿನ ಎದುರಿಗೆ ಅಕ್ಕಮಹಾದೇವಿಯನ್ನು, ಬಸವಣ್ಣನನ್ನು, ಸಿದ್ಧರಾಮನನ್ನು ತಂದು ಸಂವಾದಗಳನ್ನು ಕಟ್ಟಿದರು. ಚರಿತ್ರೆಯ ದೃಷ್ಟಿಯಿಂದ ಆ ಸಂವಾದಗಳು ಹಾಗೆಯೇ ನಡೆದುವೆಂದು ಹೇಳಲಾಗದು. ಆದರೆ ಪ್ರಕಾರದ ದೃಷ್ಟಿಯಿಂದ ಅವರ ತಿಳಿವಳಿಕೆಯು ಅಚ್ಚರಿಯುಂಟುಮಾಡುತ್ತದೆ. ಕೇಳುಗನನ್ನು ಕಳೆದುಕೊಂಡ ವಚನವು ಅರ್ಧವಾಗಿ ಉಳಿಯುತ್ತದೆಂಬುದನ್ನು ಅರಿತು ಅವರು ಆ ಕೇಳುಗನನ್ನೇ ಮರಳಿ ನಿರ್ಮಿಸಿಕೊಟ್ಟರು. ಸಾಕ್ರೆಟಿಸನ ಸಂವಾದಗಳಿಗೆ ಹೆಸರಿಲ್ಲವೆಂದು ಅರಿಸ್ಟಾಟಲನು ಹೇಳಿದ ಕೊರತೆಗೆ ಕನ್ನಡವು ‘ಸಂಪಾದನೆ’ಯೆಂಬ ಹೆಸರನ್ನೂ ಕೊಟ್ಟಿತೆನ್ನಬಹುದು.

ಕೇಳುಗನು ಕಾವ್ಯದ ಹೊರಗಿನಿಂದ ಒಳಗೆ ಬಂದು, ಕಡೆಗೆ ಮರೆಯಾದ ಬಗೆಯನ್ನು ಮುದ್ದಣನ ‘ರಾಮಾಶ್ವಮೇಧ’ದಷ್ಟು ಚೆನ್ನಾಗಿ ತೋರಿಸುವ ಕೃತಿಯು ಇನ್ನೊಂದಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು, ಉಡುಪಿಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದವನು, ತನ್ನ ಗ್ರಂಥವನ್ನು ಹಿಂದಿನ ಕಾಲದ ಕವಿಯೊಬ್ಬನದೆಂಬಂತೆ ಮೈಸೂರಿಗೆ ಕಳುಹಿಸಿದನು. ಮಳೆಗಾಲದ ದಿನ ಕಥೆ ಹೇಳೆಂದು ಹೆಂಡತಿಯ ಬೇಡಿಕೆ; ಪದ್ಯದಲ್ಲಿ ಹೇಳಲೇ ಎಂದರೆ ಬೇಡವೆಂದು, ಗದ್ಯವೇ ಆಗಬೇಕೆಂದು ಅವಳ ನಿರ್ಧಾರ. ಸಾವಿರ ವರ್ಷಗಳ ಪದ್ಯಪರಂಪರೆಗೆ ನಿವೃತ್ತಿಯ ಆಜ್ಞೆಯನ್ನು ಕೊಟ್ಟವಳು ಒಬ್ಬ ಶ್ರೋತೃವೇ ಎಂಬುದನ್ನು ಸಾಹಿತ್ಯಚರಿತ್ರಕಾರರು ಹಾಸ್ಯಪ್ರಸಂಗವೆಂದು ಎಣಿಸಿ ಮುಂದೆ ಸಾಗುತ್ತಾರೆ. ಹಾಸ್ಯವೇನೋ ಇದೆ, ಪ್ರಕಾರವನ್ನು ಆರಿಸುವ ಅಧಿಕಾರವು ಯಾರದೆಂಬ ತೀರ್ಪೂ ಅದರೊಳಗಿದೆ. ಮನೋರಮೆಯು ನಡುನಡುವೆ ಬಾಯಿ ಹಾಕುತ್ತಾಳೆ, ಅರ್ಥವಾಗದ ಸಂಸ್ಕೃತವನ್ನು ಆಕ್ಷೇಪಿಸುತ್ತಾಳೆ, ಕವಿಯನ್ನು ಗೇಲಿ ಮಾಡುತ್ತಾಳೆ. ರಾಮನ ಅಶ್ವವು ಎಲ್ಲೆಲ್ಲಿ ತಿರುಗಿತೆಂಬುದನ್ನು ಮರೆತವರೂ ಮನೋರಮೆಯನ್ನು ಮರೆತಿಲ್ಲ.

ಅದೇ ಕಾಲಕ್ಕೆ, ಅದೇ ಕರಾವಳಿಯಲ್ಲಿ, ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಬಾಲವಿಧವೆಯ ಪುನರ್ವಿವಾಹವು ಅದರ ವಸ್ತು. ಈ ವಸ್ತುವನ್ನು ಗುಡಿಯ ಹಜಾರದಲ್ಲಿ ನೆರೆದ ಸಭೆಯ ಮುಂದೆ ವಾಚನಮಾಡಿ ವ್ಯಾಖ್ಯಾನಿಸಲು ಅಂದು ಸಾಧ್ಯವಿದ್ದಿತೆ? ಸಭೆಯು ಎದ್ದುಹೋಗುತ್ತಿತ್ತು, ಇಲ್ಲವೆ ವಾಚಕನನ್ನು ಎಬ್ಬಿಸುತ್ತಿತ್ತು. ಕಾದಂಬರಿಗಾದರೋ ಸಭೆಯ ಒಪ್ಪಿಗೆ ಬೇಡ. ಕೋಣೆಯಲ್ಲಿ ಕುಳಿತ ಒಬ್ಬ ಓದುಗನು ಸಾಕು. ಅವನು ನೆರೆಯವರಿಗೆ ತಿಳಿಯದಂತೆ ಇಂದಿರೆಯ ಪಕ್ಷವನ್ನು ವಹಿಸಬಹುದು. ಪತ್ರಿಕೆ, ಶಾಲೆ, ಅಚ್ಚುಮೊಳೆಗಳು ಈ ಏಕಾಂತದ ಓದುಗನನ್ನು ಆ ವೇಳೆಗಾಗಲೇ ಸಿದ್ಧಪಡಿಸಿದ್ದುವು. ‘ಮಂಗಳೂರ ಸಮಾಚಾರ’ವು ೧೮೪೩ರಲ್ಲಿಯೇ ಹೊರಟಿದ್ದಿತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ ಗಳಗನಾಥರು ಮರಾಠಿಯಿಂದಲೂ ತಂದ ಕಾದಂಬರಿಗಳು ಅವನ ಹಸಿವನ್ನು ಬೆಳೆಯಿಸಿದುವು. ಹೊಸ ಪ್ರಕಾರದಿಂದ ಬಂದ ಲಾಭವನ್ನು ಅಲ್ಲಗಳೆಯುವಂತಿಲ್ಲ. ೧೯೩೩ರ ‘ಚೋಮನ ದುಡಿ’ಯು ಹೇಳಿದ ಸಂಗತಿಯನ್ನು ಷಟ್ಪದಿಯ ಸಭೆಯು ಕೇಳುತ್ತಿರಲಿಲ್ಲ, ಆ ಸಭೆಯೊಳಗೆ ಚೋಮನಿಗೆ ಕುಳ್ಳಿರಲೂ ಸ್ಥಳವಿರಲಿಲ್ಲ. ಹಳೆಯ ಶ್ರೋತೃಸಭೆಯನ್ನು ಹಾಡಿ ಹೊಗಳುವವರು ಅದರ ಬಾಗಿಲಲ್ಲಿ ಯಾರನ್ನು ತಡೆಯಲಾಗುತ್ತಿತ್ತೆಂಬುದನ್ನೂ ಹೇಳಬೇಕಾಗುತ್ತದೆ.

ಕೇಳುಗನು ಒಮ್ಮೆಗೇ ಕಣ್ಮರೆಯಾಗಲಿಲ್ಲ. ಮಾಸ್ತಿಯವರ ಮೊದಮೊದಲ ಕಥೆಗಳಲ್ಲಿ ಒಂದಾದ ರಂಗನ ಮದುವೆಯ ಕಥೆಯಲ್ಲಿ, ಕಥೆ ಹೇಳುವವನು ಮೊದಲಿಗೇ ತಲೆಬರಹದ ವಿಷಯವಾಗಿ ಕೇಳುಗರ ಆಕ್ಷೇಪವನ್ನು ಊಹಿಸಿಕೊಂಡು ಉತ್ತರ ಕೊಡುತ್ತಾನೆ. ವಿಜಯ, ಕಲ್ಯಾಣಗಳೆಂದು ಬಾಯಿತುಂಬುವ ಹೆಸರನ್ನು ಏಕೆ ಇಡಲಿಲ್ಲವೆಂದು ಅವರ ಪ್ರಶ್ನೆ. ರುದ್ರಭಟ್ಟನ ‘ಜಗನ್ನಾಥವಿಜಯ’, ಹರಿಹರನ ‘ಗಿರಿಜಾಕಲ್ಯಾಣ’ಗಳ ಕಡೆಗೆ ಒಮ್ಮೆ ಕೈ ತೋರಿಸಿ, ಇದು ಅಂತಹದಲ್ಲವೆಂದು ನಕ್ಕು, ಕಥೆಯು ಮೊದಲಾಗುತ್ತದೆ. ಕನ್ನಡ ಸಣ್ಣಕಥೆಯು ತನ್ನ ಬಾಲ್ಯದಲ್ಲಿಯೇ ಪ್ರಕಾರಗಳ ಹೆಸರಿನ ವಿಷಯವಾಗಿ ಹೀಗೆ ವಿನೋದವಾಡಿಕೊಂಡಿತು. ಮಾಸ್ತಿಯವರ ಕಥೆಗಳಲ್ಲಿ ಒಬ್ಬನು ಹೇಳುತ್ತಾನೆ, ಇನ್ನೊಬ್ಬನು ಕೇಳುತ್ತಾನೆ. ಆ ಜಗಲಿಯ ಬೆಚ್ಚನೆಯ ಭಾವವು ಮುಂದಿನ ಕಥೆಗಾರರಲ್ಲಿ ಕ್ರಮೇಣ ಕಡಿಮೆಯಾಯಿತು. ಲಲಿತಪ್ರಬಂಧವು ಆ ಜಗಲಿಯನ್ನು ಸ್ವಲ್ಪಮಟ್ಟಿಗೆ ಉಳಿಸಿಕೊಂಡಿತೆಂಬುದಷ್ಟೇ ಅದರ ವಿಷಯದಲ್ಲಿ ಇಲ್ಲಿ ಹೇಳಬೇಕಾದುದು. ನಾಟಕಕ್ಕೆ ಸಭೆಯು ಎಂದೂ ತಪ್ಪಿಲ್ಲವಾದುದರಿಂದ ಅದರ ಚರಿತ್ರೆಯು ಬೇರೆ. ಹದಿನೇಳನೆಯ ಶತಮಾನದ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’ದ ಬಳಿಕ ಬಹುಕಾಲ ಲಿಖಿತ ನಾಟಕವು ಬಡವಾಗಿದ್ದಾಗಲೂ ಯಕ್ಷಗಾನದ ಪ್ರಸಂಗಗಳು ರಾತ್ರಿಯಿಡೀ ಜನರನ್ನು ಎಚ್ಚರವಾಗಿರಿಸಿದುವು. ಆದರೂ ಕನ್ನಡದಲ್ಲಿ ನಾಟಕವೇ ಇರಲಿಲ್ಲವೆಂದು ಕೈಪಿಡಿಗಳು ಮರುಗುತ್ತಿದ್ದುವು.

ಪದ್ಯದಲ್ಲಿ ಕಿವಿಯಿಂದ ಕಣ್ಣಿಗೆ ಆದ ಈ ವಲಸೆಯ ಒಂದು ಗುರುತನ್ನು ವರ್ಷಸಹಿತವಾಗಿಯೇ ಹೇಳಬಹುದು. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರಪ್ರಾಸವನ್ನು ಬಿಟ್ಟರು. ಕೇಳುಗನಿಗೆ ಸಾಲು ಎಲ್ಲಿ ಮೊದಲಾಯಿತೆಂದು ತಿಳಿಸುವ ಗಂಟೆಯಂತೆ ಇದ್ದ ಪ್ರಾಸವು, ಸಾಲುಗಳು ಕಾಗದದ ಮೇಲೆ ಕಣ್ಣಿಗೆ ಕಾಣುವಂತಾದ ಮೇಲೆ ಅಷ್ಟೊಂದು ಅವಶ್ಯಕವಾಗಿ ಉಳಿಯಲಿಲ್ಲ. ಶ್ರೀಯವರ ‘ಇಂಗ್ಲಿಷ್ ಗೀತಗಳು’ ಹೊಸ ಪದ್ಯಬಂಧಗಳನ್ನು ತೋರಿಸಿದುವು. ಲಲಿತರಗಳೆಯು ಸರಳರಗಳೆಯಾಯಿತು, ಕುವೆಂಪು ಅವರ ಕೈಯಲ್ಲಿ ಅದು ಸಾಲಿನಿಂದ ಸಾಲಿಗೆ ಧುಮುಕುವ ಮಹಾಛಂದಸ್ಸಾಗಿ ೧೯೪೯ರ ‘ಶ್ರೀ ರಾಮಾಯಣದರ್ಶನಂ’ ಕಾವ್ಯವನ್ನು ಹೊತ್ತಿತು. ಅಲ್ಲಿಯ ನೀಳವಾದ ಮಹೋಪಮೆಗಳನ್ನು ಕೇವಲ ಕೇಳಿ ಹಿಡಿಯುವುದು ಕಷ್ಟ. ಹಿಂದಿರುಗಿ ನೋಡುವ ಕಣ್ಣು ಬೇಕಾಗುತ್ತದೆ. ಬೇಂದ್ರೆಯವರದು ಇದಕ್ಕೆ ತೀರ ವಿರುದ್ಧವಾದ ಮಾರ್ಗ. ಧಾರವಾಡದ ಆಡುಮಾತಿನ ಲಯವನ್ನು ಬಲ್ಲ ಕಂಠವು ದೊರೆಯದಿದ್ದರೆ ಅವರ ಎಷ್ಟೋ ಕವಿತೆಗಳು ಪುಟದ ಮೇಲೆ ಮಲಗಿರುತ್ತವೆ. ಇಬ್ಬರನ್ನೂ ಒಂದೇ ಅಳತೆಗೋಲಿನಿಂದ ಅಳೆದು, ಒಬ್ಬರಲ್ಲಿ ಗೇಯತೆ ಸಾಲದೆಂದೂ ಇನ್ನೊಬ್ಬರಲ್ಲಿ ವಿಚಾರ ಸಾಲದೆಂದೂ ಮಾಡುವ ವಾದವು ಪ್ರಕಾರಜ್ಞಾನದ ಅಭಾವವನ್ನೇ ತೋರಿಸುತ್ತದೆ.

ಸಭೆಯಿಲ್ಲದ ಪ್ರಕಾರವು ತನ್ನ ಕೊನೆಯ ಎಲ್ಲೆಯನ್ನು ಮುಟ್ಟಿದುದು ಕನ್ನಡನಾಡಿನ ಹೊರಗೆ, ಮುಂಬಯಿಯಲ್ಲಿ. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳನ್ನು ಸವೆಸಿದ ಯಶವಂತ ಚಿತ್ತಾಲರ (೧೯೨೮–೨೦೧೪) ‘ಶಿಕಾರಿ’ಯು ೧೯೭೯ರಲ್ಲಿ ಪ್ರಕಟವಾಯಿತು. ಕಂಪನಿಯೊಂದರ ಅಧಿಕಾರಿಯಾದ ನಾಗಪ್ಪನು ಆರೋಪಕ್ಕೆ ಗುರಿಯಾಗಿ, ತನ್ನ ವಿರುದ್ಧ ಯಾರು ಯಾವ ಬಲೆಯನ್ನು ಹೆಣೆಯುತ್ತಿದ್ದಾರೆಂದು ಒಬ್ಬನೇ ಕುಳಿತು ಲೆಕ್ಕಹಾಕುತ್ತಾನೆ. ಅವನ ಭಯವನ್ನು ಹೇಳಿಕೊಳ್ಳಲು ಎದುರಿಗೆ ನಂಬತಕ್ಕ ಕಿವಿಯೊಂದಿಲ್ಲ. ಕೇಳುವವರೆಲ್ಲರೂ ಬೇಟೆಗಾರರಿರಬಹುದೆಂಬ ಸಂಶಯ. ಕನ್ನಡದ ಮಾತೇ ಕೇಳಿಸದ ಕಟ್ಟಡಗಳ ನಡುವೆ ಅವನ ಮನಸ್ಸು ಕನ್ನಡದಲ್ಲಿ ತನಗೆ ತಾನೇ ಆಡಿಕೊಳ್ಳುತ್ತದೆ. ಬಾಲ್ಯದ ಊರಿನ ನೆನಪುಗಳು ಮರುಕಳಿಸಿ ಬರುವುದೂ ಈ ಮೂಕ ಸಂಭಾಷಣೆಯಲ್ಲಿಯೇ. ಇಂತಹ ಮನಸ್ಸನ್ನು ಷಟ್ಪದಿಯೂ ಸಾಂಗತ್ಯವೂ ಹಿಡಿಯಲಾರವು, ವಚನವೂ ಹಿಡಿಯಲಾರದು. ಅವುಗಳಲ್ಲಿ ಮಾತು ಹೊರಡುವ ಮೊದಲೇ ಕೇಳುವವನು ಬಂದು ಕುಳಿತಿರುತ್ತಾನೆ. ನಾಗಪ್ಪನ ಮಾತನ್ನು ಕೇಳುವವನು ಪುಸ್ತಕವನ್ನು ಹಿಡಿದ ಓದುಗನೊಬ್ಬನೇ, ಅವನೂ ಪ್ರಾಯಃ ಅಂತಹುದೇ ಒಂದು ಕೋಣೆಯಲ್ಲಿ, ಅಂತಹುದೇ ಒಂದು ಕಚೇರಿಯಿಂದ ಹಿಂದಿರುಗಿ, ಸದ್ದಿಲ್ಲದೆ ಪುಟವನ್ನು ತಿರುವುತ್ತಿರುತ್ತಾನೆ.